ಸೂರ್ಯಪ್ರಕಾಶದಿಂದ ನಡೆಯುವ ಗಗನನೌಕೆ

ಭೂಮಿಯನ್ನು ಬಿಟ್ಟು, ಚಂದ್ರನನ್ನೂ ದಾಟಿ, ಮಂಗಳಗ್ರಹದವರೆಗೆ ಮನುಷ್ಯರು ಹೋಗಿ ಕ್ಷೇಮವಾಗಿ ಹಿಂದಿರುಗಬೇಕಾದರೆ ಅವರ ನೌಕೆಯನ್ನು ನೂಕತಕ್ಕ ಶಕ್ತಿಯು ಯಾವುದಾಗಿರಬೇಕು? ಈ ಪ್ರಶ್ನೆಗೆ ವಿಜ್ಞಾನಿಗಳು ಕೊಡುವ ಉತ್ತರಗಳಲ್ಲಿ ಒಂದು, ಸೂರ್ಯನ ಬೆಳಕಿನಿಂದ ವಿದ್ಯುಚ್ಛಕ್ತಿಯನ್ನು ಪಡೆದು ಅದರ ಬಲದಿಂದಲೇ ನೌಕೆಯನ್ನು ನಡೆಯಿಸುವುದು. ಈ ಉಪಾಯದ ತತ್ತ್ವವೇನು, ಅದರಿಂದ ಆಗತಕ್ಕ ಪ್ರಯೋಜನವೆಷ್ಟು, ಮನುಷ್ಯರನ್ನು ಹೊತ್ತು ಹೋಗುವ ನೌಕೆಗೆ ಅದನ್ನು ಅಳವಡಿಸುವಾಗ ಎದುರಾಗುವ ಕಷ್ಟಗಳು ಯಾವುವು ಎಂಬುದನ್ನು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಿಗೂ ತಾಯ್ತಂದೆಗಳಿಗೂ ಸುಲಭವಾಗಿ ತಿಳಿಯುವಂತೆ ವಿವರಿಸುವುದೇ ಈ ಲೇಖನದ ಉದ್ದೇಶವು.

ವಿಷಯವು ಆಕಾಶದ್ದಾದರೂ ನಮ್ಮ ಮಾಕಳಿಗೆ ದೂರವಾದುದಲ್ಲ. ಇಲ್ಲಿಂದ ತುಮಕೂರು ರಸ್ತೆಯಲ್ಲಿ ಬೆಂಗಳೂರಿನ ಕಡೆಗೆ ಹೊರಟರೆ ಕೆಲವೇ ಮೈಲಿಗಳಲ್ಲಿ ಪೀಣ್ಯದ ಕೈಗಾರಿಕಾ ಪ್ರದೇಶವು ಸಿಕ್ಕುವುದು. ಅಲ್ಲಿಯ ಕಾರ್ಖಾನೆಯ ಶೆಡ್ಡುಗಳಲ್ಲಿಯೇ, ಉಡುಪಿಯ ಸಮೀಪದ ಅದಮಾರಿನಲ್ಲಿ ಜನಿಸಿದ ಪ್ರೊಫೆಸರ್ ಯು. ಆರ್. ರಾಯರ ನೇತೃತ್ವದಲ್ಲಿ, ಭಾರತದ ಮೊದಲನೆಯ ಉಪಗ್ರಹವಾದ 'ಆರ್ಯಭಟ'ವು ನಿರ್ಮಿತವಾಯಿತು. ೧೯೭೫ನೆಯ ಇಸವಿ ಏಪ್ರಿಲ್ ೧೯ರಂದು ಸೋವಿಯತ್ ದೇಶದಿಂದ ಹಾರಿಸಲ್ಪಟ್ಟ ಆ ಉಪಗ್ರಹದ ತೂಕವು ೩೬೦ ಕಿಲೋಗ್ರಾಂ. ಅದರ ಮೈಗೆ ಹೊದಿಸಿದ್ದ ಸೌರಕೋಶಗಳು ಒದಗಿಸಿದ ವಿದ್ಯುತ್ತು ಸುಮಾರು ೪೬ ವಾಟ್, ಎಂದರೆ ಹಿಂದಿನ ಕಾಲದ ಒಂದು ಸಣ್ಣ ಬಲ್ಬು ಉರಿಯುವಷ್ಟು ಮಾತ್ರ. ವಾಚಕರು ಈ ಅಂಕಿಯನ್ನು ಜ್ಞಾಪಕದಲ್ಲಿಟ್ಟುಕೊಳ್ಳಬೇಕು. ಮುಂದೆ ಬರುವ ಅಂಕಿಗಳ ಗಾತ್ರವು ಆಗ ಚೆನ್ನಾಗಿ ಮನದಟ್ಟಾಗುವುದು.

ಇಂಧನದ ಹೊರೆ

ನಮ್ಮ ದೇಶದ ಮಂಗಳಯಾನವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ೨೦೧೩ನೆಯ ನವೆಂಬರ್ ೫ರಂದು ಶ್ರೀಹರಿಕೋಟೆಯಿಂದ ಹೊರಟ ಆ ನೌಕೆಯು ೨೦೧೪ನೆಯ ಸೆಪ್ಟೆಂಬರ್ ೨೪ರಂದು ಮಂಗಳನ ಕಕ್ಷೆಯನ್ನು ಸೇರಿತು. ಅದರ ಚಲನವಲನಗಳನ್ನು ನಡೆಯಿಸಿದುದು ಪೀಣ್ಯದಲ್ಲಿಯೇ ಇರುವ 'ಇಸ್ಟ್ರಾಕ್' ಎಂಬ ನಿಯಂತ್ರಣ ಕೇಂದ್ರ. ಹೊರಡುವಾಗ ನೌಕೆಯ ಒಟ್ಟು ತೂಕವು ೧,೩೩೭ ಕಿಲೋಗ್ರಾಂ. ಅದರಲ್ಲಿ ಉರಿಸುವ ದ್ರವ್ಯವೇ ೮೫೨ ಕಿಲೋಗ್ರಾಂ. ಮಂಗಳನನ್ನು ಪರೀಕ್ಷಿಸುವ ಐದು ಉಪಕರಣಗಳ ತೂಕವು ಎಲ್ಲ ಸೇರಿ ಸುಮಾರು ೧೫ ಕಿಲೋಗ್ರಾಂ. ಮೂಟೆ ಅಕ್ಕಿಯನ್ನು ಸಂತೆಗೆ ಒಯ್ಯಲು ಹೊರಟ ಗಾಡಿಯವನು ಎತ್ತಿನ ಹುಲ್ಲಿನಿಂದಲೇ ಗಾಡಿಯನ್ನು ತುಂಬಿಸಿ, ಅಕ್ಕಿಗೆ ಒಂದು ಮೂಲೆಯನ್ನು ಬಿಟ್ಟಂತೆ ಈ ಸ್ಥಿತಿಯು ಕಾಣುವುದು. ಇದು ನಮ್ಮ ವಿಜ್ಞಾನಿಗಳ ಕೊರತೆಯಲ್ಲ. ಉರಿಯುವ ಇಂಧನವನ್ನು ನೆಚ್ಚಿದ ನೌಕೆಗಳೆಲ್ಲಕ್ಕೂ ಇರುವ ಕಟ್ಟುಪಾಡು.

ಇದಕ್ಕೆ ಕಾರಣವೇನು? ಶೂನ್ಯಾಕಾಶದಲ್ಲಿ ಕಾಲೂರಲು ನೆಲವಿಲ್ಲ, ಹುಟ್ಟು ಹಾಕಲು ನೀರಿಲ್ಲ. ದೋಣಿಯಲ್ಲಿ ಕುಳಿತವನು ಕಲ್ಲುಗಳನ್ನು ಹಿಂದಕ್ಕೆ ಎಸೆದರೆ ದೋಣಿಯು ಹೇಗೆ ಸ್ವಲ್ಪ ಸ್ವಲ್ಪವಾಗಿ ಮುಂದಕ್ಕೆ ಸರಿಯುವುದೋ, ಹಾಗೆಯೇ ನೌಕೆಯು ತನ್ನೊಳಗಿನ ದ್ರವ್ಯವನ್ನು ಹಿಂದಕ್ಕೆ ಎಸೆದು ತಾನು ಮುಂದಕ್ಕೆ ಹೋಗಬೇಕು. ಎಸೆಯುವ ವೇಗವು ಹೆಚ್ಚಿದಷ್ಟೂ ಎಸೆಯಬೇಕಾದ ದ್ರವ್ಯವು ಕಡಮೆಯಾಗುವುದು. ಈ ನಿಯಮವನ್ನು ರಷ್ಯದ ಉಪಾಧ್ಯಾಯರಾದ ಸಿಯೋಲ್ಕೋವ್‌ಸ್ಕಿಯವರು ೧೯೦೩ರಲ್ಲಿಯೇ ಗಣಿತರೂಪದಲ್ಲಿ ಪ್ರಕಟಿಸಿದರು. ಜಲಜನಕವನ್ನು ಆಮ್ಲಜನಕದಲ್ಲಿ ಉರಿಸುವ ಅತ್ಯುತ್ತಮ ಯಂತ್ರದಿಂದ ಹೊರಬೀಳುವ ಅನಿಲದ ವೇಗವು ಸೆಕೆಂಡಿಗೆ ಸುಮಾರು ನಾಲ್ಕೂವರೆ ಕಿಲೋಮೀಟರ್. ಇದಕ್ಕಿಂತ ಹೆಚ್ಚು ವೇಗವನ್ನು ಉರಿಯಿಂದ ಪಡೆಯುವುದು ಬಹು ಕಷ್ಟ. ಏಕೆಂದರೆ ಅಲ್ಲಿ ಎಸೆಯಲ್ಪಡುವ ದ್ರವ್ಯವೇ ತನ್ನನ್ನು ಎಸೆಯುವ ಶಕ್ತಿಯನ್ನೂ ಒದಗಿಸಬೇಕು, ಮತ್ತು ಆ ದ್ರವ್ಯದಲ್ಲಿ ಅಡಗಿರುವ ಶಕ್ತಿಗೆ ಒಂದು ಮಿತಿಯುಂಟು.

ವಿದ್ಯುತ್ತಿನಿಂದ ನೂಕುವ ಬಗೆ

ಸೌರವಿದ್ಯುತ್ ನೌಕೆಯಲ್ಲಿ ಈ ಎರಡು ಕೆಲಸಗಳನ್ನೂ ಬೇರ್ಪಡಿಸಿರುವರು. ಎಸೆಯುವ ದ್ರವ್ಯವು ನೌಕೆಯ ತೊಟ್ಟಿಯಲ್ಲಿರುವುದು. ಎಸೆಯುವ ಶಕ್ತಿಯಾದರೋ ಸೂರ್ಯನಿಂದ ಬರುವುದು. ಸೂರ್ಯನ ಶಕ್ತಿಯನ್ನು ಹೊತ್ತುಕೊಂಡು ಹೋಗಬೇಕಾದುದಿಲ್ಲ, ಅದು ಹಾದಿಯುದ್ದಕ್ಕೂ ತಾನಾಗಿಯೇ ದೊರೆಯುತ್ತಿರುವುದು.

ಎಸೆಯುವ ದ್ರವ್ಯವಾಗಿ ಸಾಮಾನ್ಯವಾಗಿ ಕ್ಸೆನಾನ್ ಎಂಬ ಭಾರವಾದ ಅನಿಲವನ್ನು ಉಪಯೋಗಿಸುವರು. ಯಂತ್ರದೊಳಗೆ ಈ ಅನಿಲದ ಪರಮಾಣುವಿನಿಂದ ಒಂದು ಎಲೆಕ್ಟ್ರಾನನ್ನು ಕಿತ್ತರೆ ಉಳಿದ ಭಾಗವು ವಿದ್ಯುದಂಶವುಳ್ಳದ್ದಾಗುತ್ತದೆ. ಇದಕ್ಕೆ ಅಯಾನು ಎಂದು ಹೆಸರು. ವಿದ್ಯುದಂಶವುಳ್ಳ ವಸ್ತುವನ್ನು ವಿದ್ಯುತ್ತಿನ ಒತ್ತಡದಿಂದ ಎಳೆಯಬಹುದಾದುದರಿಂದ, ಅಯಾನುಗಳನ್ನು ಪ್ರಚಂಡ ವೇಗದಿಂದ ಹಿಂದಕ್ಕೆ ತೂರಬಹುದು. ಒಂದು ಬಗೆಯ ಯಂತ್ರದಲ್ಲಿ ಜರಡಿಯಂತೆ ತೂತುಗಳಿರುವ ಲೋಹದ ಫಲಕಗಳು ಈ ಕೆಲಸವನ್ನು ಮಾಡುವುವು. ಅಲ್ಲಿ ಅಯಾನುಗಳ ವೇಗವು ಸೆಕೆಂಡಿಗೆ ಸುಮಾರು ೩೦ ಕಿಲೋಮೀಟರ್. ಇನ್ನೊಂದು ಬಗೆಯದಕ್ಕೆ ಹಾಲ್ ಎಂಬ ವಿಜ್ಞಾನಿಯ ಹೆಸರಿದೆ. ಅದರಲ್ಲಿ ಬಳೆಯಾಕಾರದ ಕಾಲುವೆಯೊಳಗೆ ಎಲೆಕ್ಟ್ರಾನುಗಳನ್ನು ಕಾಂತಕ್ಷೇತ್ರದಿಂದ ಸುತ್ತುವಂತೆ ಹಿಡಿದಿಟ್ಟು, ಅವುಗಳ ಸಹಾಯದಿಂದ ಅಯಾನುಗಳನ್ನು ಸೆಕೆಂಡಿಗೆ ೧೫ರಿಂದ ೨೦ ಕಿಲೋಮೀಟರ್ ವೇಗದಲ್ಲಿ ಹೊರಗಟ್ಟುವರು. ಎರಡು ಬಗೆಗಳಲ್ಲಿಯೂ, ಹೊರಟ ಅಯಾನುಗಳ ಹಿಂದೆಯೇ ಎಲೆಕ್ಟ್ರಾನುಗಳನ್ನೂ ಬಿಡಬೇಕು. ಇಲ್ಲದಿದ್ದರೆ ನೌಕೆಯಲ್ಲಿ ವಿದ್ಯುದಂಶವು ಕೂಡಿಕೊಂಡು, ಬಿಟ್ಟ ಅಯಾನುಗಳನ್ನೇ ಮತ್ತೆ ತನ್ನ ಕಡೆಗೆ ಎಳೆಯುವುದು.

ಆದರೆ ಈ ಯಂತ್ರದ ನೂಕುಬಲವು ಅತ್ಯಲ್ಪ. ಅಮೆರಿಕದ 'ಡಾನ್' ನೌಕೆಯ ಯಂತ್ರವೊಂದರ ಗರಿಷ್ಠ ಬಲವು, ನಮ್ಮ ಅಂಗೈಯ ಮೇಲೆ ಒಂದೆರಡು ಹಾಳೆ ಕಾಗದವನ್ನಿಟ್ಟರೆ ಆಗುವ ಭಾರದಷ್ಟು ಮಾತ್ರ. ಇಂತಹ ಬಲದಿಂದ ಏನಾದೀತು ಎಂದು ಯಾರಾದರೂ ಕೇಳಬಹುದು. 'ಹನಿ ಹನಿ ಕೂಡಿದರೆ ಹಳ್ಳ' ಎಂಬ ಗಾದೆಯೇ ಅದಕ್ಕೆ ಉತ್ತರ. ಉರಿಯುವ ಯಂತ್ರವು ಕೆಲವು ನಿಮಿಷ ಗರ್ಜಿಸಿ ಆರಿಹೋಗುವುದು. ವಿದ್ಯುತ್ ಯಂತ್ರವು ತಿಂಗಳುಗಟ್ಟಲೆ, ವರ್ಷಗಟ್ಟಲೆ ಬಿಡದೆ ನೂಕುತ್ತಿರುವುದು. ತಡೆಯುವ ಗಾಳಿಯಿಲ್ಲದ ಕಡೆ ಗಳಿಸಿದ ವೇಗವು ಗಳಿಸಿದಂತೆಯೇ ಉಳಿಯುವುದು.

ಈವರೆಗಿನ ಪರೀಕ್ಷೆಗಳು

ಇದು ಬರಿಯ ಊಹೆಯಲ್ಲ. ಅಯಾನು ಯಂತ್ರವನ್ನು ಅಮೆರಿಕದವರು ೧೯೬೪ರಲ್ಲಿಯೇ ಅಂತರಿಕ್ಷದಲ್ಲಿ ನಡೆಯಿಸಿ ನೋಡಿದರು. ೧೯೯೮ರಲ್ಲಿ ಹೊರಟ 'ಡೀಪ್ ಸ್ಪೇಸ್ ೧' ಎಂಬ ನೌಕೆಯು ಗ್ರಹಗಳ ನಡುವಣ ಪ್ರಯಾಣಕ್ಕೆ ಇದನ್ನೇ ಮುಖ್ಯ ಯಂತ್ರವನ್ನಾಗಿ ಉಪಯೋಗಿಸಿತು. ೨೦೦೭ರಲ್ಲಿ ಹೊರಟ 'ಡಾನ್' ನೌಕೆಯು ೪೨೫ ಕಿಲೋಗ್ರಾಂ ಕ್ಸೆನಾನನ್ನು ಹೊತ್ತು, ೨೦೧೧ರಲ್ಲಿ ವೆಸ್ಟಾ ಎಂಬ ಕ್ಷುದ್ರಗ್ರಹವನ್ನು ಸೇರಿ, ಅಲ್ಲಿಂದ ಮತ್ತೆ ಹೊರಟು ೨೦೧೫ರಲ್ಲಿ ಸೀರಿಸನ್ನು ಸೇರಿತು. ಭೂಮಿಯಿಂದಾಚೆಗೆ ಎರಡು ಬೇರೆ ಬೇರೆ ಲೋಕಗಳನ್ನು ಒಂದಾದ ಮೇಲೊಂದರಂತೆ ಪ್ರದಕ್ಷಿಣೆ ಮಾಡಿದ ಮೊದಲ ನೌಕೆಯು ಇದೇ.

ನಮ್ಮ ದೇಶದ ಪ್ರಯತ್ನವು ಸೋಲಿನಿಂದ ಪ್ರಾರಂಭವಾಯಿತು. ವಿದ್ಯುತ್ ನೂಕುಯಂತ್ರಗಳನ್ನು ಹೊತ್ತ 'ಜಿಸ್ಯಾಟ್-೪' ಉಪಗ್ರಹವು ೨೦೧೦ನೆಯ ಏಪ್ರಿಲ್ ೧೫ರಂದು ಉಡಾವಣೆಯಲ್ಲಿಯೇ ನಷ್ಟವಾಯಿತು. ದೋಷವಿದ್ದುದು ಉಪಗ್ರಹದಲ್ಲಲ್ಲ, ಅದನ್ನು ಹೊತ್ತ ರಾಕೆಟ್ಟಿನ ಮೇಲಿನ ಹಂತದಲ್ಲಿ. ಏಳು ವರ್ಷಗಳ ತರುವಾಯ, ೨೦೧೭ನೆಯ ಮೇ ೫ರಂದು ಹಾರಿದ 'ಜಿಸ್ಯಾಟ್-೯' ಉಪಗ್ರಹದಲ್ಲಿ, ಅದನ್ನು ತನ್ನ ಸ್ಥಾನದಲ್ಲಿ ನಿಲ್ಲಿಸುವ ಕಾರ್ಯಕ್ಕೆ ಈ ಬಗೆಯ ಯಂತ್ರಗಳನ್ನು ಅಳವಡಿಸಲಾಯಿತು. ಆರ್ಯಭಟವನ್ನು ನಿರ್ಮಿಸಿದ ಪೀಣ್ಯದ ಆ ಸಣ್ಣ ತಂಡವೇ ಬೆಳೆದು, ಈಗ ಯು. ಆರ್. ರಾವ್ ಉಪಗ್ರಹ ಕೇಂದ್ರವೆಂಬ ಹೆಸರಿನಿಂದ ಬೆಂಗಳೂರಿನಲ್ಲಿ ಇಂತಹ ಉಪಗ್ರಹಗಳನ್ನು ನಿರ್ಮಿಸುತ್ತಿರುವುದು.

ಮನುಷ್ಯರು ವಾಸಿಸುವ ನೌಕೆಯಲ್ಲಿಯೂ ಈ ಯಂತ್ರವು ಬಂದಿದೆ. ಚೀನಾ ದೇಶದವರು ೨೦೨೧ನೆಯ ಏಪ್ರಿಲ್‌ನಲ್ಲಿ ಹಾರಿಸಿದ 'ಟಿಯಾನ್ಹೆ' ಎಂಬ ನಿಲ್ದಾಣದ ಭಾಗದಲ್ಲಿ ನಾಲ್ಕು ಹಾಲ್ ಯಂತ್ರಗಳಿವೆ. ಆದರೆ ಅವುಗಳ ಕೆಲಸವು ನಿಲ್ದಾಣವು ಭೂಮಿಯ ಕಡೆಗೆ ಜಾರದಂತೆ ನೋಡಿಕೊಳ್ಳುವುದೇ ಹೊರತು ದೂರ ಪ್ರಯಾಣವಲ್ಲ.

ಮನುಷ್ಯರ ನೌಕೆಯ ಲೆಕ್ಕ

ಹಾಗಾದರೆ ಮನುಷ್ಯರನ್ನು ಮಂಗಳನ ಕಡೆಗೆ ಒಯ್ಯುವ ನೌಕೆಯು ಹೇಗಿರಬೇಕು? ಲೆಕ್ಕಕ್ಕೆ ಅನುಕೂಲವಾಗಲೆಂದು ೧೦೦ ಟನ್ ತೂಕದ ಒಂದು ನೌಕೆಯನ್ನೂ, ೩೦೦ ಕಿಲೋವಾಟ್ ವಿದ್ಯುತ್ತನ್ನೂ ಭಾವಿಸಿಕೊಳ್ಳೋಣ. ಇದು ಆರ್ಯಭಟದ ವಿದ್ಯುತ್ತಿಗಿಂತ ಆರು ಸಾವಿರ ಮಡಿಗೂ ಹೆಚ್ಚು.

ಮೊದಲು ಇಂಧನದ ಲೆಕ್ಕ. ನೌಕೆಯ ವೇಗವನ್ನು ಸೆಕೆಂಡಿಗೆ ೬ ಕಿಲೋಮೀಟರಿನಷ್ಟು ಹೆಚ್ಚಿಸಬೇಕೆಂದಿಟ್ಟುಕೊಂಡರೆ, ಉರಿಯುವ ಯಂತ್ರಕ್ಕೆ ನೂರು ಟನ್ನಿನಲ್ಲಿ ಸುಮಾರು ೭೪ ಟನ್ ಇಂಧನವೇ ಆಗಬೇಕು. ದ್ರವ್ಯವನ್ನು ೨೦ ಕಿಲೋಮೀಟರ್ ವೇಗದಿಂದ ಎಸೆಯುವ ವಿದ್ಯುತ್ ಯಂತ್ರಕ್ಕೆ ಸುಮಾರು ೨೬ ಟನ್ ಸಾಕು. ಉಳಿದ ೭೪ ಟನ್ನಿನಲ್ಲಿ ಯಂತ್ರ, ಸೌರಫಲಕ, ವಾಸದ ಕೋಣೆ, ಆಹಾರ, ನೀರು ಎಲ್ಲವನ್ನೂ ಅಳವಡಿಸಬಹುದು. ಈ ಉಪಾಯದ ಲಾಭವೆಲ್ಲವೂ ಈ ಒಂದು ಹೋಲಿಕೆಯಲ್ಲಿ ಅಡಗಿದೆ.

ಇನ್ನು ಬಲದ ಲೆಕ್ಕ. ವಿದ್ಯುತ್ತಿನ ನೂರರಲ್ಲಿ ಅರುವತ್ತು ಪಾಲು ನೂಕುವ ಕೆಲಸಕ್ಕೆ ದಕ್ಕಿದರೆ, ೩೦೦ ಕಿಲೋವಾಟಿನಿಂದ ದೊರೆಯುವ ಬಲವು ಸುಮಾರು ೧೮ ನ್ಯೂಟನ್, ಎಂದರೆ ಎರಡು ಸೇರಿಗೆ ಸಮೀಪವಾದ ತೂಕವನ್ನು ಎತ್ತಿಹಿಡಿಯುವಷ್ಟು. ಇಷ್ಟು ಸಣ್ಣ ಬಲವು ನೂರು ಟನ್ನಿನ ನೌಕೆಯನ್ನು ನೂಕಿದರೆ ಒಂದು ದಿನದಲ್ಲಿ ಅದರ ವೇಗವು ಸೆಕೆಂಡಿಗೆ ಸುಮಾರು ೧೫ ಮೀಟರಿನಷ್ಟು ಹೆಚ್ಚುವುದು. ದಿನದ ಗಳಿಕೆಯು ಅಲ್ಪ. ಆದರೆ ಒಂದು ವರ್ಷಕ್ಕೆ ಅದು ಐದೂವರೆ ಕಿಲೋಮೀಟರಿಗೂ ಮೀರುವುದು.

ಫಲಕಗಳ ಲೆಕ್ಕವು ಮೂರನೆಯದು. ಭೂಮಿಯ ದೂರದಲ್ಲಿ ಒಂದು ಚದರ ಮೀಟರಿನ ಮೇಲೆ ಬೀಳುವ ಸೂರ್ಯಶಕ್ತಿಯು ಸುಮಾರು ೧,೩೬೧ ವಾಟ್. ಅದರಲ್ಲಿ ನೂರಕ್ಕೆ ಮೂವತ್ತರಷ್ಟನ್ನು ಉತ್ತಮ ಸೌರಕೋಶಗಳು ವಿದ್ಯುತ್ತಾಗಿ ಮಾರ್ಪಡಿಸಬಲ್ಲವು. ಆದುದರಿಂದ ೩೦೦ ಕಿಲೋವಾಟಿಗೆ ಕಡಮೆಯೆಂದರೂ ೭೫೦ ಚದರ ಮೀಟರ್ ಫಲಕವು ಬೇಕು. ಬೆಂಗಳೂರಿನವರ ಮಾತಿನಲ್ಲಿ ಹೇಳುವುದಾದರೆ, ಮೂವತ್ತು-ನಲವತ್ತು ಅಡಿಯ ಏಳು ನಿವೇಶನಗಳಷ್ಟು. ಇಷ್ಟು ವಿಸ್ತಾರವಾದ ಫಲಕವನ್ನು ಉಡಾವಣೆಯ ಕಾಲದಲ್ಲಿ ಮಡಿಸಿಟ್ಟು, ಆಕಾಶದಲ್ಲಿ ಬಿಚ್ಚಬೇಕು. ೨೦೨೧ರಿಂದ ಅಂತರರಾಷ್ಟ್ರೀಯ ನಿಲ್ದಾಣಕ್ಕೆ ಜೋಡಿಸಿದ ಹೊಸ ಫಲಕಗಳು ಚಾಪೆಯಂತೆ ಸುರುಳಿಯಾಗಿ ಹೋಗಿ ಅಲ್ಲಿ ಬಿಚ್ಚಿಕೊಳ್ಳುವ ಜಾತಿಯವು. ಈ ಮಾರ್ಗವು ಸಾಧ್ಯವೆಂಬುದು ಅದರಿಂದ ತೋರಿಬಂದಿದೆ.

ಯಂತ್ರಗಳ ವಿಷಯದಲ್ಲಿ ಎರಡು ಮಾರ್ಗಗಳುಂಟು. ಒಂದು, ದೊಡ್ಡ ಯಂತ್ರಗಳನ್ನು ಮಾಡುವುದು. ೨೦೧೭ರಲ್ಲಿ ಅಮೆರಿಕದಲ್ಲಿ 'ಎಕ್ಸ್-೩' ಎಂಬ ಹಾಲ್ ಯಂತ್ರವೊಂದು ನೆಲದ ಮೇಲಿನ ಶೂನ್ಯಕೋಣೆಯಲ್ಲಿ ನೂರು ಕಿಲೋವಾಟಿಗಿಂತ ಸ್ವಲ್ಪ ಹೆಚ್ಚಿನ ವಿದ್ಯುತ್ತಿನಿಂದ ನಡೆದು ೫.೪ ನ್ಯೂಟನ್ ಬಲವನ್ನು ಕೊಟ್ಟಿತು. ಇನ್ನೊಂದು, ಹನ್ನೆರಡು ಕಿಲೋವಾಟಿನಂತಹ ಮಧ್ಯಮ ಯಂತ್ರಗಳನ್ನು ಇಪ್ಪತ್ತೈದು ಸಾಲಾಗಿ ಜೋಡಿಸುವುದು. ಇವುಗಳಲ್ಲಿ ಒಂದೆರಡು ಕೆಟ್ಟರೂ ಪ್ರಯಾಣವು ನಿಲ್ಲದಿರುವುದರಿಂದ, ಪ್ರಾಣಗಳನ್ನು ಹೊತ್ತ ನೌಕೆಗೆ ಎರಡನೆಯ ಮಾರ್ಗದಲ್ಲಿ ಒಂದು ವಿಶೇಷ ಗುಣವುಂಟು.

ಕಷ್ಟಗಳು

ಲಾಭವನ್ನು ಹೇಳಿದ ಮೇಲೆ ಕಷ್ಟಗಳನ್ನು ಮರೆಮಾಚುವುದು ನ್ಯಾಯವಲ್ಲ. ಮೊದಲನೆಯದು ನಿಧಾನ. ಯೂರೋಪಿನವರ 'ಸ್ಮಾರ್ಟ್-೧' ಎಂಬ ಸಣ್ಣ ನೌಕೆಯು ೨೦೦೩ನೆಯ ಸೆಪ್ಟೆಂಬರ್‌ನಲ್ಲಿ ಹೊರಟು, ಹಾಲ್ ಯಂತ್ರದ ಬಲದಿಂದ ಭೂಮಿಯನ್ನು ಸುತ್ತಿ ಸುತ್ತಿ ಮೇಲೇರುತ್ತ, ೨೦೦೪ನೆಯ ನವೆಂಬರ್‌ನಲ್ಲಿ ಚಂದ್ರನನ್ನು ಸೇರಿತು. ೧೯೬೯ರಲ್ಲಿ ಅಪೊಲೊ ೧೧ರ ಯಾತ್ರಿಕರು ಅದೇ ದೂರವನ್ನು ಮೂರು ದಿನಗಳಲ್ಲಿ ಕ್ರಮಿಸಿದ್ದರು. ನಾವು ಮೇಲೆ ಭಾವಿಸಿದ ನೂರು ಟನ್ನಿನ ನೌಕೆಯು ಭೂಮಿಯ ಸಮೀಪದ ಕಕ್ಷೆಯಿಂದ ಹೀಗೆ ಸುತ್ತುತ್ತ ಭೂಮಿಯ ಆಕರ್ಷಣೆಯನ್ನು ಬಿಡಿಸಿಕೊಳ್ಳುವುದಕ್ಕೇ ಒಂದು ವರ್ಷಕ್ಕಿಂತ ಹೆಚ್ಚು ಕಾಲವು ಬೇಕಾದೀತು.

ಎರಡನೆಯದು ವಿಕಿರಣ. ಭೂಮಿಯ ಸುತ್ತಲೂ ವೇಗವಾದ ವಿದ್ಯುತ್ಕಣಗಳಿಂದ ಕೂಡಿದ ವಲಯಗಳುಂಟೆಂಬುದನ್ನು ವ್ಯಾನ್ ಅಲೆನ್ ಎಂಬವರು ೧೯೫೮ರಲ್ಲಿ ಕಂಡುಹಿಡಿದರು. ಅಪೊಲೊ ಯಾತ್ರಿಕರು ಅವುಗಳನ್ನು ಕೆಲವು ಗಂಟೆಗಳಲ್ಲಿ ದಾಟಿಬಿಟ್ಟರು. ನಿಧಾನವಾಗಿ ಏರುವ ನೌಕೆಯು ಅವುಗಳೊಳಗೆ ತಿಂಗಳುಗಟ್ಟಲೆ ಸುತ್ತಬೇಕು. ಮನುಷ್ಯ ಶರೀರಕ್ಕೆ ಇದು ಸಹಿಸತಕ್ಕದ್ದಲ್ಲ. ಸೌರಕೋಶಗಳು ಕೂಡ ಅಲ್ಲಿ ಕ್ರಮೇಣ ಶಕ್ತಿಗುಂದುವುವು.

ಮೂರನೆಯದು ಸೂರ್ಯನಿಂದ ದೂರ ಸರಿದಂತೆಲ್ಲ ಬೆಳಕು ಕ್ಷೀಣಿಸುವುದು. ಮಂಗಳನ ಬಳಿ ದೊರೆಯುವ ಸೂರ್ಯಶಕ್ತಿಯು ಭೂಮಿಯ ಬಳಿ ದೊರೆಯುವುದರ ಅರ್ಧಕ್ಕಿಂತಲೂ ಕಡಮೆ, ನೂರಕ್ಕೆ ಸುಮಾರು ನಲವತ್ತಮೂರು ಪಾಲು. ಬೆಳಕು ಕಡಮೆಯಾದರೆ ಬಲವೂ ಕಡಮೆಯಾಗುವುದು. ನಾಲ್ಕನೆಯದು ಕ್ಸೆನಾನಿನ ದುರ್ಲಭತೆ. ಒಂದು ಕೋಟಿ ಭಾಗ ಗಾಳಿಯಲ್ಲಿ ಅದು ಒಂದು ಭಾಗದಷ್ಟೂ ಇಲ್ಲ. ಇಪ್ಪತ್ತಾರು ಟನ್ ಕೂಡಿಡುವುದು ಅಲ್ಪ ಖರ್ಚಿನ ಮಾತಲ್ಲ. ಆದುದರಿಂದಲೇ ಕ್ರಿಪ್ಟಾನ್, ಆರ್ಗಾನ್ ಮೊದಲಾದ ಅಗ್ಗದ ಅನಿಲಗಳನ್ನೂ ಪರೀಕ್ಷಿಸಿ ಉಪಯೋಗಕ್ಕೆ ತಂದಿರುವರು. ಐದನೆಯದಾಗಿ, ನೂಕುವ ಕೆಲಸಕ್ಕೆ ದಕ್ಕದ ವಿದ್ಯುತ್ತಿನ ಬಹುಭಾಗವು ಶಾಖವಾಗಿ ಉಳಿಯುವುದು. ಬೀಸುವ ಗಾಳಿಯಿಲ್ಲದ ಕಡೆ ಅದನ್ನು ಹೊರಕ್ಕೆ ಹರಡಲು ಬೇರೆ ಫಲಕಗಳೇ ಬೇಕಾಗುವುವು.

ಸರಕು ಮೊದಲು, ಜನ ಆಮೇಲೆ

ಇಷ್ಟು ಕಷ್ಟಗಳಿರುವಾಗ ಈ ಉಪಾಯವನ್ನು ಕೈಬಿಡಬೇಕೇ? ಹಾಗಿಲ್ಲ. ನೌಕೆಯ ರಚನೆಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆಯು ಯಂತ್ರದ ವಿಷಯವಲ್ಲ. ಕಾಯಬಲ್ಲವು ಯಾವುವು, ಕಾಯಲಾರದವು ಯಾವುವು ಎಂಬ ವಿಂಗಡಣೆಯೇ ಆ ಪ್ರಶ್ನೆ. ನಮ್ಮ ಗೃಹಿಣಿಯರಿಗೆ ಇದು ಹೊಸದಲ್ಲ. ದೂರದ ಊರಿನಲ್ಲಿ ಮದುವೆಯಾಗುವಾಗ ಅಕ್ಕಿ, ಬೇಳೆ, ಪಾತ್ರೆಗಳು ಗಾಡಿಯಲ್ಲಿ ಮುಂಚೆಯೇ ಹೊರಡುವುವು. ಕೂಸುಗಳೂ ಮುದುಕರೂ ಕೊನೆಯ ದಿನ ಬೇಗ ಸೇರುವ ವಾಹನದಲ್ಲಿ ಹೊರಡುವರು.

ಮಂಗಳನಿಗೆ ಹೋಗಿ ಬರಲು ಸುಮಾರು ಸಾವಿರ ದಿನಗಳಾದೀತು. ಒಬ್ಬರಿಗೆ ದಿನಕ್ಕೆ ಕಟ್ಟಿನ ತೂಕವೂ ಸೇರಿ ೧.೮ ಕಿಲೋಗ್ರಾಂ ಆಹಾರವೆಂದರೆ ನಾಲ್ವರಿಗೆ ೭,೨೦೦ ಕಿಲೋಗ್ರಾಂ ಆಗುವುದು. ಹಿಂದಿರುಗುವ ಇಂಧನ, ಇಳಿಯುವ ವಾಹನ, ಅಲ್ಲಿಯ ವಾಸದ ಮನೆ ಇವೆಲ್ಲ ಬೇರೆ. ಇವುಗಳಿಗೆ ವಿಕಿರಣದ ಭಯವು ಅಲ್ಪ, ಬೇಸರವಂತೂ ಇಲ್ಲವೇ ಇಲ್ಲ. ಆದುದರಿಂದ ಇವನ್ನು ಸೌರವಿದ್ಯುತ್ ನೌಕೆಯಲ್ಲಿ ಒಂದೆರಡು ವರ್ಷ ಮುಂಚಿತವಾಗಿಯೇ ಕಳುಹಿಸಬಹುದು. ಅವು ಕ್ಷೇಮವಾಗಿ ತಲಪಿದ ವರ್ತಮಾನವು ಬಂದ ಮೇಲೆಯೇ ಯಾತ್ರಿಕರು ಭೂಮಿಯನ್ನು ಬಿಟ್ಟರೆ ಸಾಕು.

ಯಾತ್ರಿಕರ ನೌಕೆಗೂ ಇದೇ ವಿಂಗಡಣೆಯು ಸಲ್ಲುವುದು. ವಾಸದ ಕೋಣೆಯನ್ನು ಹೊತ್ತ ನೌಕೆಯು ಯಾರೂ ಇಲ್ಲದೆಯೇ ವಿಕಿರಣದ ವಲಯಗಳನ್ನು ದಾಟಿ ಚಂದ್ರನ ಸಮೀಪದ ಎತ್ತರವಾದ ಕಕ್ಷೆಯಲ್ಲಿ ಕಾದಿರಬೇಕು. ಜನರು ಉರಿಯುವ ರಾಕೆಟ್ಟಿನಲ್ಲಿ ಕೆಲವು ದಿನಗಳಲ್ಲಿ ಅಲ್ಲಿಗೆ ಹೋಗಿ ಅದನ್ನು ಸೇರಬೇಕು. ಭೂಮಿಯನ್ನು ಬಿಡುವ ಕ್ಷಣದಲ್ಲಿಯೂ ಮಂಗಳನ ಬಳಿ ನಿಲ್ಲುವ ಕ್ಷಣದಲ್ಲಿಯೂ ಉರಿಯುವ ಯಂತ್ರದ ಬಲವಾದ ತಳ್ಳುವಿಕೆಯೂ, ನಡುವಣ ದೀರ್ಘವಾದ ಹಾದಿಯಲ್ಲಿ ವಿದ್ಯುತ್ ಯಂತ್ರದ ಬಿಡದ ನೂಕುವಿಕೆಯೂ ಇರುವಂತೆ ಎರಡನ್ನೂ ಜೋಡಿಸಬಹುದೆಂದು ಹಲವು ಯೋಜನೆಗಳಲ್ಲಿ ಸೂಚಿಸಿರುವರು. ಬಲಶಾಲಿಯೂ ತಾಳ್ಮೆಯುಳ್ಳವನೂ ಒಂದೇ ಮನೆಯಲ್ಲಿ ಸಹಾಯಕರಾಗಿ ದುಡಿಯುವಂತೆ ಇದನ್ನು ತಿಳಿಯಬಹುದು.

ಈವರೆಗೆ ಯಾವ ಮನುಷ್ಯನೂ ಇಂತಹ ಯಂತ್ರದ ಬಲದಿಂದ ಬೇರೊಂದು ಲೋಕಕ್ಕೆ ಪ್ರಯಾಣ ಮಾಡಿಲ್ಲ. ಇಲ್ಲಿ ಹೇಳಿರುವ ನೂರು ಟನ್ನಿನ ನೌಕೆಯು ಕಾಗದದ ಮೇಲಿನ ಲೆಕ್ಕವೇ ಆಗಿದೆ. ಆದರೆ ಅದರ ಒಂದೊಂದು ಅಂಗವೂ, ಯಂತ್ರವಾಗಲಿ ಫಲಕವಾಗಲಿ, ಸಣ್ಣ ಪ್ರಮಾಣದಲ್ಲಿ ಪರೀಕ್ಷಿಸಲ್ಪಟ್ಟಿರುವುದು. ಸಣ್ಣದನ್ನು ದೊಡ್ಡದು ಮಾಡುವುದೂ, ಅದನ್ನು ಪ್ರಾಣವನ್ನು ಒಪ್ಪಿಸುವಷ್ಟು ನಂಬಿಕೆಗೆ ಯೋಗ್ಯವಾಗುವಂತೆ ಮಾಡುವುದೂ ಮುಂದಿನ ತಲೆಮಾರಿನ ಕೆಲಸ.

ಆ ಕೆಲಸದಲ್ಲಿ ನಮ್ಮ ಹೆಣ್ಣುಮಕ್ಕಳಿಗೂ ಪಾಲುಂಟೆಂಬುದಕ್ಕೆ ದೃಷ್ಟಾಂತಗಳು ಸಮೀಪದಲ್ಲಿಯೇ ಇವೆ. ಬೆಂಗಳೂರಿನವರಾದ ಶ್ರೀಮತಿ ಟಿ. ಕೆ. ಅನುರಾಧಾ ಅವರು ೨೦೧೧ರಲ್ಲಿ ಹಾರಿದ 'ಜಿಸ್ಯಾಟ್-೧೨' ಉಪಗ್ರಹದ ಯೋಜನಾ ನಿರ್ದೇಶಕಿಯಾಗಿದ್ದರು. ಆ ಉಪಗ್ರಹವನ್ನು ಹಾಸನದ ನಿಯಂತ್ರಣ ಕೇಂದ್ರದಿಂದ ಹಂತ ಹಂತವಾಗಿ ಅದರ ಎತ್ತರದ ಕಕ್ಷೆಗೆ ಏರಿಸಲಾಯಿತು. ಮಂಗಳಯಾನದ ಕಾರ್ಯಾಚರಣೆಯಲ್ಲಿ ಶ್ರೀಮತಿ ನಂದಿನಿ ಹರಿನಾಥ್ ಅವರು ಉಪನಿರ್ದೇಶಕಿಯಾಗಿ ದುಡಿದರು. ಇವರ ಕೆಲಸಕ್ಕೆ ಬುನಾದಿಯಾದುದು ಗಣಿತವೂ ಭೌತಶಾಸ್ತ್ರವೂ. ಅವೆರಡೂ ನಮ್ಮ ತರಗತಿಗಳಲ್ಲಿ ದಿನವೂ ಕಲಿಸಲ್ಪಡುವ ಪಾಠಗಳೇ.

ಆದಕಾರಣ ಹೆಣ್ಣುಮಗಳು ಲೆಕ್ಕದ ಪುಸ್ತಕವನ್ನು ಹಿಡಿದು ಬೇಸರಗೊಂಡಾಗ, ಇದು ನಿನಗೇಕೆ ಎಂದು ಹೇಳದೆ, ಈ ಲೇಖನದ ಒಂದು ಲೆಕ್ಕವನ್ನು ಅವಳಿಂದಲೇ ಮಾಡಿಸಿ ನೋಡಬೇಕೆಂದು ತಾಯ್ತಂದೆಗಳನ್ನು ಪ್ರಾರ್ಥಿಸುತ್ತೇವೆ. ದಿನಕ್ಕೆ ಸೆಕೆಂಡಿಗೆ ೧೫ ಮೀಟರಿನಂತೆ ವೇಗವನ್ನು ಗಳಿಸುವ ನೌಕೆಯು ಸೆಕೆಂಡಿಗೆ ೬ ಕಿಲೋಮೀಟರ್ ವೇಗವನ್ನು ಗಳಿಸಲು ಎಷ್ಟು ದಿನಗಳು ಬೇಕು? ಉತ್ತರವು ೪೦೦ ದಿನಗಳು. ತೂಕವು ದಿನೇ ದಿನೇ ಇಳಿಯುವುದರಿಂದ ನಿಜವಾದ ಕಾಲವು ಇನ್ನೂ ಸ್ವಲ್ಪ ಕಡಮೆಯಾಗುವುದು. ಎಷ್ಟು ಕಡಮೆ ಎಂಬುದನ್ನು ಕಂಡುಹಿಡಿಯುವ ಗಣಿತವನ್ನು ಅವಳು ಕಾಲೇಜಿನಲ್ಲಿ ಕಲಿಯುವಳು.